ಅರ್ಧ ಕಟಿಂಗ್

ನನ್ನ ತಮ್ಮನಿಗೆ ನಮ್ಮ ಬೀದಿಯಲ್ಲಿ ‘ಸರಿ ಸಾರ್’ ಅಂತಲೇ ಹೆಸರು. ಅವನ ಸಲೂನಿನ ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಅವನ ಉತ್ತರ ಒಂದೇ. ಈ ವರ್ಷ ಮಳೆ ಜಾಸ್ತಿ ಅಂದವರಿಗೂ ಸರಿ ಸಾರ್, ಮಳೆಯೇ ಇಲ್ಲ ಅಂದವರಿಗೂ ಸರಿ ಸಾರ್. ಮುಂದಲೆ ಬೋಳಾದವರು ಬಂದು ‘ಸ್ವಲ್ಪ ದಟ್ಟ ಕಾಣೋ ಹಾಗೆ ಮಾಡಪ್ಪ’ ಅಂದರೂ ಸರಿ ಸಾರ್ ಎಂದು, ಇಲ್ಲದ್ದನ್ನೂ ಇದ್ದ ಹಾಗೆ ಬಾಚಿ ಕಳಿಸುತ್ತಿದ್ದ. ಇಡೀ ಪ್ರಪಂಚದಲ್ಲಿ ಅವನು ಸರಿ ಅನ್ನದ ಮನುಷ್ಯರು ಒಬ್ಬರೇ, ಅವನ ಹೆಂಡತಿ. ಅದೂ ಒಂದೇ ಒಂದು ವಿಷಯದಲ್ಲಿ. ಆ ವಿಷಯಕ್ಕೆ ಈಗ ನಾಲ್ಕು ವರ್ಷ ತುಂಬಿದೆ, ಅದರ ಮುಂದಿನ ಹಲ್ಲುಗಳು ಬಹಳ ಚೂಪು.

ಚಿಕ್ಕಂದಿನಿಂದಲೂ ಅವನು ಹೀಗೇ. ನಮ್ಮಪ್ಪ ಬಾಯಿ ಜೋರಿನ ಮನುಷ್ಯ, ಮನೆಯಲ್ಲಿ ಅವರದೇ ದರ್ಬಾರು. ನಾನು ಎದುರಾಡಿ ಏಟು ತಿನ್ನುತ್ತಿದ್ದೆ, ತಮ್ಮ ತಲೆಯಾಡಿಸಿ ತಪ್ಪಿಸಿಕೊಳ್ಳುತ್ತಿದ್ದ. ಓದು ಅವನ ತಲೆಗೆ ಹತ್ತಲಿಲ್ಲ. ಬೇರೆಯವರ ತಲೆ ಅವನ ಕೈಗೆ ಹತ್ತಿತು. ಪೇಟೆಯ ದೊಡ್ಡ ಸಲೂನೊಂದರಲ್ಲಿ ಬಿದ್ದ ಕೂದಲು ಗುಡಿಸುತ್ತಾ ಶುರು ಮಾಡಿದವನು, ನೋಡನೋಡುತ್ತಾ ಕತ್ತರಿ ಹಿಡಿದ. ಅಲ್ಲೇ ಹೆಂಗಸರ ವಿಭಾಗದಲ್ಲಿ ಕೆಲಸಕ್ಕಿದ್ದ ಹುಡುಗಿಯ ಕೈಯನ್ನೂ ಹಿಡಿದ. ಸುಳ್ಳು ಯಾಕೆ ಹೇಳಲಿ, ಇಬ್ಬರ ಕೈಯೂ ಒಳ್ಳೆಯ ಕೈ. ಅವನು ಕಟಿಂಗ್ ಮಾಡಿದರೆ ಕಿವಿಯ ಹಿಂದಿನ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿರುತ್ತದೆ. ಅವಳು ಕಟಿಂಗ್ ಮಾಡಿದರೆ, ಕೂದಲು ಬೆಳೆದರೂ ಆಕಾರ ಕೆಡುವುದಿಲ್ಲ.

ಮದುವೆಯಾಗಿ ಸ್ವಂತ ಅಂಗಡಿ ಹಾಕಿದರು. ಒಂದೇ ಉದ್ದನೆಯ ಕೋಣೆ. ಎಡಗಡೆ ಗಂಡಸರು, ಬಲಗಡೆ ಹೆಂಗಸರು, ನಡುವೆ ಒಂದು ದಪ್ಪ ಪರದೆ. ಪರದೆ ಮುಗಿಯುವ ಜಾಗದಲ್ಲಿ, ಬಾಗಿಲ ಪಕ್ಕ, ನನ್ನ ಬೆಂಚು. ನಾನು ಮದುವೆಯ ಗೋಜಿಗೆ ಹೋದವಳಲ್ಲ, ಅಂಗಡಿಯ ಮೇಲಿನ ಮನೆಯಲ್ಲಿ ಅವರ ಜೊತೆಯಲ್ಲೇ ಇದ್ದೇನೆ. ಬಂದವರನ್ನು ಸರದಿಯಲ್ಲಿ ಕೂರಿಸುವುದು, ಟವೆಲ್ ಒಗೆದು ಮಡಿಸುವುದು, ನೆಲ ಗುಡಿಸುವುದು ನನ್ನ ಪಾಲಿನ ಕೆಲಸ. ಅಂಗಡಿಯ ಎರಡೂ ಕಡೆ ಕಾಣುವುದು ನನಗೊಬ್ಬಳಿಗೇ. ನನಗೆ ಬೀಪಿ ಬಂದದ್ದೂ ಅದಕ್ಕೇ.

ಮಗು ಹುಟ್ಟುವವರೆಗೆ ಅವರಿಬ್ಬರ ನಡುವೆ ಒಂದು ಗಟ್ಟಿ ಮಾತು ಕೇಳಿದವಳಲ್ಲ ನಾನು. ಹುಟ್ಟಿದ ದಿನವೇ ಶುರುವಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಗು ಅಳುತ್ತಿತ್ತು. ಅವಳು ಎತ್ತಿಕೊಳ್ಳಲು ಹೋದಳು, ಇವನು ‘ಅತ್ತ ತಕ್ಷಣ ಎತ್ತಿದ್ರೆ ಅಭ್ಯಾಸ ಆಗ್ಬಿಡುತ್ತೆ’ ಅಂದ. ಅವಳು ‘ನೀನು ಹೆತ್ತಿದ್ದೀಯಾ?’ ಅಂದಳು. ಅವರಿಬ್ಬರೂ ಆ ಪ್ರಶ್ನೆ ಬಗೆಹರಿಸುತ್ತಿರುವಾಗ ಮಗುವನ್ನು ಎತ್ತಿಕೊಂಡವಳು ನಾನು.

ಹೆಸರಿಡುವುದರಲ್ಲೂ ಅದೇ ಗೋಳು. ಅಪ್ಪನಿಗೆ ಒಂದು ಹೆಸರು ಇಷ್ಟ, ಅಮ್ಮನಿಗೆ ಇನ್ನೊಂದು. ಇಬ್ಬರೂ ತಮ್ಮ ತಮ್ಮ ಹೆಸರಿನಿಂದಲೇ ಕರೆದರು. ಮಗು ಎರಡಕ್ಕೂ ಓಗೊಡಲಿಲ್ಲ. ಗಿರಾಕಿಗಳು ತಮಾಷೆಗೆ ಇಟ್ಟ ‘ಮೆಣಸು’ ಅನ್ನುವ ಹೆಸರಿಗೆ ಮಾತ್ರ ತಿರುಗಿ ನೋಡಿತು, ಅದೇ ನಿಂತಿತು.

ನನ್ನ ತಮ್ಮ ಬಿಗಿ, ಅವಳು ಸಡಿಲ ಅಂದುಕೊಂಡರೆ ನೀವು ಮೋಸ ಹೋದಿರಿ. ನಾನೂ ಮೊದಮೊದಲು ಹಾಗೇ ಮೋಸ ಹೋಗಿದ್ದೆ. ಬೆಳಿಗ್ಗೆ ‘ಮಕ್ಕಳಿಗೆ ಶಿಸ್ತು ಬೇಕು’ ಎಂದು ಗಂಟಲು ಹರಿದುಕೊಂಡವನು, ಊಟಕ್ಕೆ ಮುಂಚೆ ಚಾಕಲೇಟು ಬೇಡ ಎಂದು ಅವಳು ಹೇಳಿದ್ದೇ ತಡ, ಜೇಬಿನಿಂದ ಚಾಕಲೇಟು ತೆಗೆದು ಮಗುವಿನ ಕೈಗೆ ತುರುಕುತ್ತಿದ್ದ. ‘ಪಾಪ, ಇನ್ನೂ ಚಿಕ್ಕದು, ಬಿಡು’ ಎಂದು ಸಾವಿರ ಸಲ ಹೇಳಿದವಳು, ಅವನು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಸಿದರೆ, ‘ತಲೆ ಮೇಲೆ ಕೂರಿಸ್ಕೊಂಡು ಹಾಳು ಮಾಡ್ತಿದ್ದೀಯ’ ಅನ್ನುತ್ತಿದ್ದಳು. ಮಗುವನ್ನು ಬಿಗಿಯಾಗಿ ಬೆಳೆಸಬೇಕು ಅನ್ನುವುದರಲ್ಲೂ, ಸಡಿಲವಾಗಿ ಬೆಳೆಸಬೇಕು ಅನ್ನುವುದರಲ್ಲೂ ಇಬ್ಬರಿಗೂ ಅಂಥ ನಂಬಿಕೆಯೇನೂ ಇರಲಿಲ್ಲ. ನಂಬಿಕೆ ಇದ್ದದ್ದು ಇನ್ನೊಬ್ಬರು ಹೇಳಿದ್ದು ತಪ್ಪು ಅನ್ನುವುದರಲ್ಲಿ.

ಮಗುವಿಗೇನು, ಕಣ್ಣಿಲ್ಲವೇ, ಕಿವಿಯಿಲ್ಲವೇ? ನಡೆಯಲು ಕಲಿತ ಮೇಲೆ ಅದು ಮೊದಲು ಕಲಿತದ್ದು ಪರದೆ ಸರಿಸುವುದನ್ನು. ಒಂದು ದಿನ ನನ್ನ ತಮ್ಮ ಒಬ್ಬ ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ.

“ಅಪ್ಪಾ, ನೀರು ಹೊಡಿಯೋ ಬಾಟ್ಲಿ ಕೊಡು.”

“ಅದು ಆಟದ ಸಾಮಾನಲ್ಲ. ಇಲ್ಲ ಅಂದ್ರೆ ಇಲ್ಲ.”

ಮೆಣಸು ಅಳಲಿಲ್ಲ, ಹಟ ಮಾಡಲಿಲ್ಲ. ಪರದೆ ಎತ್ತಿ ಆಚೆ ಹೋಯಿತು. ಅಲ್ಲಿ ಬಾಟಲಿಯ ಸುದ್ದಿಯನ್ನೇ ಎತ್ತಲಿಲ್ಲ.

“ಅಮ್ಮಾ, ಅಪ್ಪ ಬೈದ.”

ಅಷ್ಟು ಸಾಕಾಯಿತು, ಈಚೆಯ ಮಾತೆಲ್ಲ ಅವಳಿಗೆ ಮೊದಲೇ ಕೇಳಿಸಿತ್ತು. “ಯಾಕಂತೆ? ಬಾಟ್ಲಿ ಕೇಳಿದ್ದಕ್ಕಾ? ನೀರಿನ ಬಾಟ್ಲಿ ತಾನೇ, ಏನು ಬಂಗಾರದ್ದಾ? ತಗೋ ಕಂದ,” ಎಂದು ಅವಳು ತನ್ನ ಬಾಟಲಿ ಕೊಟ್ಟಳು. ಆ ಮಾತು ಮಗುವಿಗೆ ಹೇಳಿದ್ದಲ್ಲ. ಮಗುವಿಗೆ ಅಷ್ಟು ಜೋರಾಗಿ ಹೇಳಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಕೆಳಗಿನಿಂದ ಒಂದು ಬಾಟಲಿಯ ಮೂತಿ ಈಚೆ ಬಂತು, ಗಡ್ಡದ ಗಿರಾಕಿಯ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಯಿತು.

“ಯಾರು ಕೊಟ್ಟಿದ್ದು ಅವಳಿಗೆ?” ತಮ್ಮ ಕನ್ನಡಿಗೆ ಕೇಳಿದ. ಸಲೂನಿನವರು ಯಾರ ಜೊತೆ ಮಾತಾಡಿದರೂ ಕನ್ನಡಿಯ ಕಡೆಗೇ ಮಾತಾಡುವುದು.

“ನಾನು ಕೊಟ್ಟೆ. ಏನೀಗ?” ಪರದೆ ಉತ್ತರಿಸಿತು.

“ನೀವೇ ಹೇಳಿ ಸಾರ್,” ತಮ್ಮ ಗಿರಾಕಿಯನ್ನು ಕೇಳಿದ. “ನಾನು ಬೇಡ ಅಂದಿದ್ದನ್ನ ಅವಳು ಕೊಟ್ರೆ, ಮಗು ಉದ್ಧಾರ ಆಗುತ್ತಾ?”

ಗಂಟಲ ಮೇಲೆ ಶೇವಿಂಗ್ ಕತ್ತಿ ಇರುವಾಗ ಯಾರಿಗೆ ತಾನೇ ಬೇರೆ ಅಭಿಪ್ರಾಯ ಇರುತ್ತದೆ? ಆಗಲ್ಲ ಆಗಲ್ಲ ಅಂದರು ಅವರು, ತಲೆ ಅಲ್ಲಾಡಿಸದೆ. ಆಚೆ ಕಡೆಯೂ ಅದೇ ಕಥೆ. ತಲೆಯ ತುಂಬಾ ಬಣ್ಣ ಹಚ್ಚಿಸಿಕೊಂಡು ಎದ್ದು ಓಡಲಾರದೆ ಕೂತ ಹೆಂಗಸರೆಲ್ಲ ಅವಳ ಪಕ್ಷ. ಹೀಗೆ ನಮ್ಮ ಅಂಗಡಿಯಲ್ಲಿ ದಿನವೂ ತೀರ್ಪು ಬರುತ್ತಿತ್ತು, ಇಬ್ಬರೂ ದಿನವೂ ಗೆಲ್ಲುತ್ತಿದ್ದರು.

ಸೋತದ್ದು ಮೆಣಸು. ಬಾಟಲಿ ಸಿಕ್ಕಿತು, ಚಾಕಲೇಟು ಸಿಕ್ಕಿತು, ಆದರೆ ಯಾವುದಕ್ಕೆ ಬೈಗುಳ, ಯಾವುದಕ್ಕೆ ಮುತ್ತು ಅನ್ನುವುದು ಆ ಪುಟ್ಟ ತಲೆಗೆ ಹೊಳೆಯಲೇ ಇಲ್ಲ. ನಿನ್ನೆ ನಕ್ಕು ಸುಮ್ಮನಾದದ್ದಕ್ಕೆ ಇವತ್ತು ಏಟು. ಕೇಳಿದ್ದು ಸಿಕ್ಕರೂ ಎಸೆಯುತ್ತಿದ್ದಳು, ಸಿಗದಿದ್ದರೂ ಎಸೆಯುತ್ತಿದ್ದಳು. ನೆಲದ ಮೇಲೆ, ಬಿದ್ದ ಕೂದಲಿನ ನಡುವೆ ಹೊರಳಾಡಿ ಕಿರುಚುವಳು. ಎತ್ತಲು ಹೋದರೆ ಒದೆಯುವಳು. ಆಮೇಲೆ ಕಚ್ಚಲು ಶುರು ಮಾಡಿದಳು.

ಮೊದಲು ಕಚ್ಚಿಸಿಕೊಂಡವರು ರಿಟೈರಾದ ಮೇಷ್ಟ್ರೊಬ್ಬರು. ಪಾಪ, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಅರೆನಿದ್ದೆಯಲ್ಲಿದ್ದರು. ಮೀನಖಂಡಕ್ಕೆ ಹಲ್ಲು ಊರಿದ್ದೇ ತಡ, ಕುರ್ಚಿಯಿಂದ ಎದ್ದು ನಿಂತೇಬಿಟ್ಟರು. ನನ್ನ ತಮ್ಮ ಅವರ ಗಾಯ ತೊಳೆಯುತ್ತಾ ಪರದೆಯ ಕಡೆ ಕೂಗಿದ: “ನೋಡು, ನಿನ್ನ ಮುದ್ದಿನ ಫಲ!” ಆಚೆಯಿಂದ ಅಷ್ಟೇ ಬೇಗ ಉತ್ತರ ಬಂತು: “ನಿನ್ನ ಗದರಿಕೆಯ ಫಲ ಅದು!” ಆ ಹೊತ್ತಿನಲ್ಲಿ ಇಬ್ಬರ ಮುಖವನ್ನೂ ನೋಡಿದೆ ನಾನು. ಇಬ್ಬರ ಮುಖದಲ್ಲೂ ಒಂದು ಸಣ್ಣ ಖುಷಿ ಇತ್ತು. ಮಗು ಕಚ್ಚಿದ್ದು ಅವನ ವಾದಕ್ಕೂ ಸಾಕ್ಷಿ, ಅವಳ ವಾದಕ್ಕೂ ಸಾಕ್ಷಿ. ನನಗೆ ಮೈ ಉರಿದುಹೋಯಿತು.

“ನಾಚಿಕೆ ಆಗಲ್ವಾ ನಿಮ್ಮಿಬ್ಬರಿಗೂ?” ಅಂದೆ.

“ಅಕ್ಕಾ, ನೀನು ಮಧ್ಯೆ ಬರ್ಬೇಡ,” ಅಂದ ತಮ್ಮ.

“ಸಾಕಿದ್ರೆ ಗೊತ್ತಾಗ್ತಿತ್ತು ಅತ್ತಿಗೆ, ಮಕ್ಕಳ ಕಷ್ಟ ಏನು ಅಂತ,” ಅಂದಳು ಅವಳು.

ನನ್ನ ಬಾಯಿ ಮುಚ್ಚಿಸುವುದರಲ್ಲಿ ಮಾತ್ರ ಗಂಡ ಹೆಂಡತಿ ಒಂದಾಗಿಬಿಡುತ್ತಾರೆ. ಎಂಥ ಒಗ್ಗಟ್ಟು ಅಂತೀರಿ!

ಪಕ್ಕದ ಬೀದಿಯ ಶಿಶುವಿಹಾರಕ್ಕೆ ಸೇರಿಸಿದರೆ ಸರಿಹೋಗುತ್ತಾಳೆ ಅಂದುಕೊಂಡೆವು. ಅವಳಿಗೆ ಆ ಶಾಲೆ ಅಂದರೆ ಪ್ರಾಣ. ಬೆಳಿಗ್ಗೆ ನನಗಿಂತ ಮೊದಲು ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಆದರೆ ಹೋದ ಕಡೆಯಲ್ಲೂ ಹಲ್ಲು ಜೊತೆಯಲ್ಲೇ ಹೋಯಿತಲ್ಲ! ಮಕ್ಕಳ ಜುಟ್ಟು ಎಳೆದಳು, ಬಣ್ಣದ ಪೆನ್ಸಿಲ್ ಕಸಿದಳು, ಒಂದು ಹುಡುಗಿಯ ಕೈ ಕಚ್ಚಿದಳು. ಟೀಚರ್ ಅಪ್ಪ ಅಮ್ಮ ಇಬ್ಬರನ್ನೂ ಬರಹೇಳಿದರು. ಇಬ್ಬರೂ ಹೋದರು, ಒಬ್ಬರಿಗೊಬ್ಬರು ಹೇಳದೆ, ಬೇರೆ ಬೇರೆಯಾಗಿ. ತಮ್ಮ ಹೋಗಿ ಇದೆಲ್ಲ ಅವಳ ಅಮ್ಮನಿಂದ ಅಂದ. ಅವನ ಹೆಂಡತಿ ಹೋಗಿ ಇದೆಲ್ಲ ಮಗುವಿನ ಅಪ್ಪನಿಂದ ಅಂದಳು. ಟೀಚರ್ ಇಬ್ಬರ ಮಾತನ್ನೂ ಕೇಳಿಸಿಕೊಂಡು ಕಳಿಸಿದರು.

ಆಮೇಲೆ ಒಂದು ಭಾನುವಾರ ಆಕೆಯೇ ಅಂಗಡಿಗೆ ಬಂದರು. ಚಿಕ್ಕ ವಯಸ್ಸಿನ ಹುಡುಗಿ, ಮುಖಕ್ಕಿಂತ ದೊಡ್ಡ ಕನ್ನಡಕ. ಕೂದಲ ತುದಿ ಕತ್ತರಿಸಬೇಕು ಎಂದು ಬಲಗಡೆ ಕುರ್ಚಿಯಲ್ಲಿ ಕೂತು, ನನ್ನನ್ನು ಕರೆದು, “ಆ ಪರದೆ ಸ್ವಲ್ಪ ಪಕ್ಕಕ್ಕೆ ಸರಿಸ್ತೀರಾ?” ಅಂದರು. ಸರಿಸಿದೆ. ಗಂಡ ಹೆಂಡತಿ ಇಬ್ಬರೂ ಕೈಯಲ್ಲಿ ಕತ್ತರಿ ಹಿಡಿದು ಎದುರುಬದುರು ನಿಂತರು.

“ಮನೇಲಿ ಯಾವ ಮಾತು ನಿಜ ಅಂತ ಅವಳಿಗೆ ಗೊತ್ತಿಲ್ಲ,” ಅಂದರು ಟೀಚರ್. “ಅದಕ್ಕೆ ದಿನಾ ಪರೀಕ್ಷೆ ಮಾಡಿ ನೋಡ್ತಾಳೆ, ನಿಮ್ಮನ್ನೂ, ನಮ್ಮನ್ನೂ. ನೀವು ಬಿಗಿ ಇರಿ, ಸಡಿಲ ಇರಿ, ನಾನು ಏನೂ ಹೇಳಲ್ಲ. ಇಬ್ಬರೂ ಒಂದೇ ಥರ ಇರಿ, ಅಷ್ಟೆ. ಎಲ್ಲ ಆಗ್ದೇ ಇದ್ರೆ ಯಾವುದಾದ್ರೂ ಒಂದು ನಿಯಮ ಮಾಡಿ, ಇಬ್ಬರೂ ಗಟ್ಟಿಯಾಗಿ ಹಿಡ್ಕೊಳ್ಳಿ.” ಆಮೇಲೆ ದನಿ ತಗ್ಗಿಸಿ ಅಂದರು: “ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಬಂದು ಗಲಾಟೆ ಮಾಡ್ತಿದ್ದಾರೆ. ಇನ್ನೊಂದು ಸಲ ಕಚ್ಚಿದ್ರೆ ನಾನು ಅವಳನ್ನ ಇಟ್ಕೊಳ್ಳೋಕಾಗಲ್ಲ. ನಂಗೂ ಬೇಜಾರೇ.”

ಯಾವ ನಿಯಮ ಅನ್ನುವುದರ ಮೇಲೆ ಜಗಳ ಆಗದೆ ಇರುತ್ತದೆಯೇ? ಆಯಿತು. ಹಲ್ಲುಜ್ಜುವುದರಿಂದ ಹಿಡಿದು ಚಪ್ಪಲಿ ಇಡುವ ಜಾಗದವರೆಗೆ ಎಲ್ಲವನ್ನೂ ಎಳೆದಾಡಿದರು. ಕೊನೆಗೆ ಒಂದಕ್ಕೆ ಇಬ್ಬರೂ ಒಪ್ಪಿದರು: ಮೆಣಸು ಕತ್ತರಿ ಮುಟ್ಟಬಾರದು. ಕಸುಬಿನವರಲ್ಲವೇ, ಕತ್ತರಿಯ ಹರಿತ ಏನೆಂದು ಇಬ್ಬರಿಗೂ ಗೊತ್ತು.

ಮೆಣಸು ಪರೀಕ್ಷೆ ಮಾಡದೆ ಬಿಡುತ್ತಾಳೆಯೇ? ಅಪ್ಪನ ಹತ್ತಿರ ಕತ್ತರಿ ಕೇಳಿದಳು. ಇಲ್ಲ. ಪರದೆಯಾಚೆ ಹೋಗಿ ಕೇಳಿದಳು. ಇಲ್ಲ. ಈಚೆ ಬಂದು ಅಮ್ಮ ಕೊಡ್ತೀನಿ ಅಂದ್ಲು ಎಂದು ಸುಳ್ಳು ಹೇಳಿದಳು. ಆದರೂ ಇಲ್ಲ. ನೆಲದ ಮೇಲೆ ಹೊರಳಿದಳು, ಕಿರುಚಿದಳು. ಎರಡು ಕಡೆಯಿಂದಲೂ ಒಂದೇ ಉತ್ತರ. ಆಗ ಎದ್ದು ಕೂತು, ಎರಡೂ ಕಡೆ ನೋಡಿ, ನನ್ನ ಪಕ್ಕ ಬಂದು ಮಡಿಸಿದ ಟವೆಲಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಆಮೇಲೆ ಎಷ್ಟೋ ದಿನ ಕತ್ತರಿಯ ತಂಟೆಗೇ ಹೋಗಲಿಲ್ಲ. ಅಷ್ಟೇ ಅಲ್ಲ, ಶಾಲೆಯಲ್ಲೂ ಯಾರನ್ನೂ ಕಚ್ಚಲಿಲ್ಲ. ಒಂದೇ ಒಂದು ‘ಇಲ್ಲ’ ಗಟ್ಟಿಯಾಗಿ ನಿಂತದ್ದಕ್ಕೆ ಮಗು ಇಷ್ಟು ತಣ್ಣಗಾಯಿತಲ್ಲ ಎಂದು ನನಗೆ ಆಶ್ಚರ್ಯ. ಅವರಿಬ್ಬರಿಗೆ ಆಶ್ಚರ್ಯವಾಗಲಿಲ್ಲ. ತನ್ನಿಂದಲೇ ಸರಿಹೋಯಿತು ಎಂದು ಇಬ್ಬರೂ ತಮ್ಮ ತಮ್ಮ ಗಿರಾಕಿಗಳಿಗೆ ಹೇಳಿಕೊಳ್ಳುತ್ತಿದ್ದರು.

ಈಗ ಆ ಮಗುವಿನ ತಲೆಯ ವಿಷಯ ಹೇಳಬೇಕು. ಊರಿನ ತಲೆಗಳನ್ನೆಲ್ಲ ತಿದ್ದುವ ಇಬ್ಬರ ಮಗಳ ತಲೆ ನೋಡಬೇಕಿತ್ತು ನೀವು! ಅಪ್ಪನಿಗೆ ಕಿವಿಯ ಮೇಲಕ್ಕೆ ಗಿಡ್ಡಗೆ ಕತ್ತರಿಸಬೇಕು, ಅಮ್ಮನಿಗೆ ಜಡೆ ಹಾಕುವಷ್ಟು ಬೆಳೆಸಬೇಕು. ತೀರ್ಮಾನ ಆಗದೆ ಕೂದಲು ತನ್ನಷ್ಟಕ್ಕೆ ಬೆಳೆಯಿತು, ಕಣ್ಣಿಗೆ ಇಳಿಯಿತು, ಸಿಕ್ಕುಗಟ್ಟಿತು. ಬಂದವರು ಮಗುವನ್ನು ನೋಡಿ, ಕನ್ನಡಿ ನೋಡಿ, ತಮ್ಮ ತಲೆ ತಡವಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಆಚೆ ಕಡೆ ಹೇರ್ ಡ್ರೈಯರ್ ಸದ್ದು ಜೋರಾಗಿದ್ದ ಹೊತ್ತು ನೋಡಿ, ನನ್ನ ತಮ್ಮ ಕುರ್ಚಿಯ ಕೈಗಳ ಮೇಲೆ ಮಕ್ಕಳ ಹಲಗೆ ಇಟ್ಟು ಮೆಣಸನ್ನು ಕೂರಿಸಿದ. ಬಟ್ಟೆ ಕಟ್ಟಿ, ನೀರು ಚಿಮುಕಿಸಿ, ಬಲಗಡೆಯಿಂದ ಶುರು ಮಾಡಿದ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಕತ್ತರಿಸುತ್ತಿದ್ದ. ಬಲಗಡೆ ಮುಗಿಯಿತು. ಅಷ್ಟರಲ್ಲಿ ಡ್ರೈಯರ್ ನಿಂತಿತು, ಪರದೆ ಸರಿಯಿತು.

“ಅಯ್ಯಯ್ಯೋ! ಜಡೆಗೆ ಅಂತ ಬೆಳೆಸ್ತಿದ್ದೆ ನಾನು!” ಅವಳು ಮಗುವನ್ನು ಬಟ್ಟೆಯ ಸಮೇತ ಹಲಗೆಯಿಂದ ಎತ್ತಿಕೊಂಡುಬಿಟ್ಟಳು.

“ಇರು, ಇನ್ನೊಂದು ಕಡೆ ಮುಗಿಸ್ತೀನಿ. ಈಗ ಬಿಟ್ರೆ ಅಸಹ್ಯ ಕಾಣುತ್ತೆ.”

“ಮುಟ್ಟಿ ನೋಡು ಮಗೂನ!”

“ಹಾಗಾದ್ರೆ ನೀನೇ ಸರಿಮಾಡು.”

“ನೀನು ಕೆಡಿಸಿದ್ದನ್ನ ನಾನು ಯಾಕೆ ಸರಿಮಾಡ್ಲಿ? ಸರಿಮಾಡಿದ್ರೆ ನೀನು ಮಾಡಿದ್ದು ಸರಿ ಅಂತ ಒಪ್ಪಿದ ಹಾಗಾಗುತ್ತೆ.”

ಹೀಗಾಗಿ ಮಗುವಿನ ತಲೆ ಬಲಗಡೆ ಕಿವಿಯ ಮೇಲಕ್ಕೆ, ಎಡಗಡೆ ಭುಜದ ಕೆಳಕ್ಕೆ. ಒಂದು ದಿನ ಕಳೆದರೆ ಇಬ್ಬರಲ್ಲಿ ಯಾರಿಗಾದರೂ ಬುದ್ಧಿ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಎದುರು ರಸ್ತೆಯ ಸಲೂನಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಇಬ್ಬರೂ ಒಂದೇ ಉಸಿರಿಗೆ ಕೂಗಿದರು: “ನಮ್ಮ ಮಗಳನ್ನ ಬೇರೆ ಅಂಗಡೀಲಿ ಕೂರಿಸೋದಾ? ಜನ ಏನಂತಾರೆ?” ಜನ ಅರ್ಧ ತಲೆ ನೋಡಿ ಏನಂತಾರೆ ಅನ್ನುವ ಚಿಂತೆ ಮಾತ್ರ ಇಬ್ಬರಿಗೂ ಇರಲಿಲ್ಲ. ಮೇಲಾಗಿ, ಮಗುವನ್ನು ಕರೆದು ನಿಲ್ಲಿಸಿ, ನನ್ನ ತಮ್ಮ ಬಲಗಡೆಯ ಗೆರೆ ತೋರಿಸಿ ‘ಎಷ್ಟು ನೀಟಾಗಿದೆ ನೋಡಿ ಸಾರ್’ ಅನ್ನುವನು. ಅವಳು ಎಡಗಡೆಯ ಕೂದಲು ಹಿಡಿದು ‘ಎಂಥ ಕೂದಲು ಹಾಳು ಮಾಡಿದ ನೋಡಿ’ ಅನ್ನುವಳು. ಮಗುವಿನ ತಲೆ ಇಬ್ಬರ ಅಂಗಡಿಯ ಬೋರ್ಡ್ ಆಗಿಹೋಯಿತು. ಕತ್ತರಿ ನನ್ನ ಕೈಗೆ ಸಿಕ್ಕಿದ್ದರೆ ಮೊದಲು ಅವರಿಬ್ಬರ ತಲೆಯನ್ನೇ ಅರ್ಧರ್ಧ ಬೋಳಿಸುತ್ತಿದ್ದೆ, ದೇವರಾಣೆ.

ಶಾಲೆಯ ಮಕ್ಕಳು ಅವಳಿಗೆ ‘ಅರ್ಧ’ ಎಂದು ಹೆಸರಿಟ್ಟರು. ಅರ್ಧ ಬಂತು, ಅರ್ಧ ಕೂತ್ಕೊಳ್ತು, ಅರ್ಧ ಹಾಲು ಕುಡೀತು. ಎಷ್ಟು ಹೊತ್ತು ತಡೆದುಕೊಂಡಳೋ, ಕೊನೆಗೆ ಒಬ್ಬ ಹುಡುಗನ ತೋಳು ಕಚ್ಚಿದಳು. ರಕ್ತ ಬಂತು. ಟೀಚರ್ ಅವಳನ್ನು ತಾವೇ ಕೈಹಿಡಿದು ಕರೆತಂದು ನನ್ನ ಬೆಂಚಿನ ಮೇಲೆ ಕೂರಿಸಿ, “ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಬಂದು ನನ್ನ ಮುಂದೆ ಕೂತು ಮಾತಾಡ್ಲಿ. ಅಲ್ಲೀವರೆಗೆ ಕಳಿಸ್ಬೇಡಿ,” ಅಂದರು. ಹೋಗುವ ಮುಂಚೆ ಅವಳ ಎಡಗಡೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು.

ಒಟ್ಟಿಗೆ ಹೋಗುವುದು ಅಂದರೇನು ಸುಲಭವೇ? ಅವಳು ಮೊದಲು ತಪ್ಪು ಒಪ್ಪಿಕೊಳ್ಳಲಿ ಎಂದು ಇವನು, ಇವನು ಮೊದಲು ಒಪ್ಪಿಕೊಳ್ಳಲಿ ಎಂದು ಅವಳು. ಮೆಣಸು ಇಡೀ ದಿನ ನನ್ನ ಪಕ್ಕ ಬೆಂಚಿನ ಮೇಲೆ. ಬೆಳಿಗ್ಗೆ ಚೀಲ ಹಾಕಿಕೊಂಡು ಹೋಗುವ ಮಕ್ಕಳನ್ನು ಗಾಜಿನ ಬಾಗಿಲಿನಿಂದ ನೋಡುತ್ತಿದ್ದಳು. ತನ್ನ ಚೀಲವನ್ನೂ ಹಾಕಿಕೊಂಡೇ ಕೂತಿರುತ್ತಿದ್ದಳು, ತೆಗೆಸಲು ಹೋದರೆ ಒದೆಯುತ್ತಿದ್ದಳು. ಒಂದು ದಿನ ನನ್ನ ಸೆರಗು ಎಳೆದು ಕೇಳಿದಳು:

“ಅತ್ತೆ, ನಾನು ಯಾವಾಗ ಪೂರ್ತಿ ಆಗೋದು?”

ಅವಳನ್ನು ಮಡಿಲಿಗೆ ಎಳೆದುಕೊಂಡೆ. “ನೀನು ಪೂರ್ತಿನೇ ಇದ್ದೀಯ ಕಣೆ. ಅರ್ಧ ಇರೋದು ನಿಮ್ಮಪ್ಪ ಅಮ್ಮನ ಬುದ್ಧಿ,” ಅಂದೆ, ಎರಡೂ ಕಡೆ ಕೇಳುವಷ್ಟು ಜೋರಾಗಿ. ಇಬ್ಬರೂ ಮುಖ ಊದಿಸಿಕೊಂಡರು. ಅಷ್ಟೇ.

ಅದಾದ ಮೇಲಿನ ಶನಿವಾರ ಅಂಗಡಿ ತುಂಬಾ ಜನ. ನಾನು ಟವೆಲ್ ಹರವಲು ಹಿತ್ತಲಿಗೆ ಹೋಗಿದ್ದೆ. ಒಳಗೆ ಪರದೆಯ ಆಚೆಯಿಂದ ಈಚೆಗೆ ಮಾತು ಹಾರುತ್ತಿತ್ತು. ಆ ಶಾಲೆಯೇ ಬೇಡ, ಬೇರೆ ಕಡೆ ಹಾಕೋಣ ಎಂದು ಅವನು. ಅದೇ ಶಾಲೆ ಬೇಕು, ನಿನ್ನಿಂದ ಹೋಯಿತು ಎಂದು ಅವಳು. ಇಬ್ಬರೂ ತಮ್ಮ ಮಗಳ ಬಗ್ಗೆ ಅಷ್ಟು ಗಹನವಾಗಿ ಮಾತಾಡುತ್ತಿದ್ದುದರಿಂದ, ಮಗಳು ಬೆಂಚಿನಿಂದ ಇಳಿದು ಟ್ರೇಯಲ್ಲಿದ್ದ ಕತ್ತರಿ ತೆಗೆದುಕೊಂಡು ಹೋದದ್ದನ್ನು ನೋಡಲು ಪುರುಸೊತ್ತಾಗಲಿಲ್ಲ.

ನಾನು ತಿರುಗಿ ಬಂದಾಗ ಮೆಟ್ಟಿಲ ಕೆಳಗೆ, ಕೈಗನ್ನಡಿಯನ್ನು ಗೋಡೆಗೆ ಒರಗಿಸಿಕೊಂಡು ಕೂತಿದ್ದಳು. ಎಡಗಡೆಯ ಉದ್ದ ಕೂದಲೆಲ್ಲ ಮಡಿಲಲ್ಲಿ. ಕೂದಲಿನ ಜೊತೆ ಕಿವಿಯ ಮೇಲಂಚೂ ಸೀಳಿತ್ತು. ರಕ್ತ ಕುತ್ತಿಗೆಯಿಂದ ಇಳಿದು ಅಂಗಿಯ ಕಾಲರಿಗೆ ಹರಡುತ್ತಿತ್ತು. ಅಳು ಇಲ್ಲ, ಕಿರುಚಾಟ ಇಲ್ಲ. ನನ್ನನ್ನು ನೋಡಿ, “ಅತ್ತೆ, ಈಗ ಪೂರ್ತಿ ಆಯ್ತಾ?” ಅಂದಳು.

ನಾನು ಕೂಗಿದ ಕೂಗಿಗೆ ಇಬ್ಬರೂ ಓಡಿ ಬಂದರು. ಬಂದವರ ಬಾಯಲ್ಲಿ ಮೊದಲು ಬಂದ ಮಾತು ಯಾವುದು ಗೊತ್ತೇ? “ಯಾವ ಕಡೇ ಕತ್ತರಿ ಇದು, ನಿಂದಾ ನಂದಾ?” ಅವಳು ಕೇಳಿದಳೋ ಅವನು ಕೇಳಿದನೋ ನನಗೆ ತಿಳಿಯಲಿಲ್ಲ. ಇಬ್ಬರೂ ಕೇಳಿರಬೇಕು.

ಕ್ಲಿನಿಕ್ ಬೀದಿಯ ಮೂಲೆಯಲ್ಲೇ ಇದೆ. ಅವನು ಮಗುವನ್ನು ಎತ್ತಿಕೊಂಡು ಓಡಿದ, ಅವಳು ಕಿವಿಗೆ ಟವೆಲ್ ಒತ್ತಿ ಹಿಡಿದು ಪಕ್ಕದಲ್ಲೇ ಓಡಿದಳು, ನಾನು ಹಿಂದೆ.

“ಏನೂ ಆಗಿಲ್ಲ ಪುಟ್ಟ, ನೋವೇ ಇಲ್ಲ, ನೋವೇ ಇಲ್ಲ,” ಅನ್ನುತ್ತಿದ್ದ ಅವನು.

“ಅಯ್ಯೋ ಕಂದಾ, ಎಷ್ಟು ನೋಯ್ತಿದ್ಯೋ!” ಅನ್ನುತ್ತಿದ್ದಳು ಅವಳು.

“ಹೆದರಿಸ್ಬೇಡ ಅವಳನ್ನ!”

“ನೀನು ಸುಳ್ಳು ಹೇಳ್ಬೇಡ ಅವಳಿಗೆ!”

ಮಗುವಿನ ತಲೆ ಇವನ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ತಿರುಗುತ್ತಿತ್ತು. ತಿರುಗಿದಾಗಲೆಲ್ಲ ಟವೆಲ್ ಜಾರುತ್ತಿತ್ತು.

ಡಾಕ್ಟರು ವಯಸ್ಸಾದವರು, ನಮ್ಮದೇ ಗಿರಾಕಿ. ಮೆಣಸನ್ನು ಮೇಜಿನ ಮೇಲೆ ಕೂರಿಸಿ, ಟವೆಲ್ ತೆಗೆದು ನೋಡಿ, ಹೊಲಿಗೆ ಬೇಕು ಅಂದರು. ಗಾಯದ ಅಂಚನ್ನು ಬೆರಳಿನಿಂದ ಮೆತ್ತಗೆ ಮುಟ್ಟಿ, “ಇಲ್ಲಿ ನೋವಾಗ್ತಿದ್ಯಾ ಮರಿ?” ಎಂದು ಕೇಳಿದರು.

ಮೆಣಸು ಅಪ್ಪನ ಮುಖ ನೋಡಿದಳು. ಅಮ್ಮನ ಮುಖ ನೋಡಿದಳು. ಆಮೇಲೆ ತುಂಬಾ ಯೋಚಿಸಿ, ತಪ್ಪಾಗಬಾರದು ಎಂಬ ಹಾಗೆ ಹೇಳಿದಳು:

“ಅಪ್ಪಂಗೆ ನೋವಿಲ್ಲ. ಅಮ್ಮಂಗೆ ನೋವಿದೆ.”

“ಅವರದ್ದು ಬಿಡು. ನಿಂಗೆ?”

“ನಂಗೆ ಗೊತ್ತಿಲ್ಲ.”

ಡಾಕ್ಟರು ತಲೆಯೆತ್ತಿ ಇಬ್ಬರನ್ನೂ ನೋಡಿದರು. ಆಮೇಲೆ ಹೊಲಿಗೆ ಹಾಕಲು ಶುರು ಮಾಡಿದರು. ಅಷ್ಟು ಹೊತ್ತೂ ಮಗು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನ್ನ ತಮ್ಮ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವಳು ಕ್ಲಿನಿಕ್ಕಿನ ನೆಲದ ಮೇಲೆ ಕೂತುಬಿಟ್ಟಳು. ಅವರಿಬ್ಬರಿಗೂ ಆಡಲು ಮಾತು ಇಲ್ಲದೆ ಹೋದದ್ದನ್ನು ಮಗು ಹುಟ್ಟಿದ ಮೇಲೆ ನಾನು ಮೊದಲ ಸಲ ನೋಡಿದೆ. ಅದನ್ನು ನೋಡಲು ಎಷ್ಟು ದಿನ ಆಸೆಪಟ್ಟಿದ್ದೆ! ಆದರೆ ಸಂತೋಷವೇನೂ ಆಗಲಿಲ್ಲ.

ಸೋಮವಾರ ಅಂಗಡಿ ಮುಚ್ಚಿ ಇಬ್ಬರೂ ಒಟ್ಟಿಗೆ ಶಾಲೆಗೆ ಹೋಗಿ ಟೀಚರ್ ಮುಂದೆ ಕೂತರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೆಣಸನ್ನು ತಿರುಗಿ ಸೇರಿಸಿಕೊಂಡರು. ಈಗ ಅವಳ ತಲೆ ಎಲ್ಲ ಕಡೆಯೂ ಒಂದೇ ಸಮ ಗಿಡ್ಡ. ಅವಳ ಅಮ್ಮ ಕತ್ತರಿಸಿದಳು, ಅಪ್ಪ ತಲೆ ಅಲ್ಲಾಡದ ಹಾಗೆ ಹಿಡಿದುಕೊಂಡ. ಇಬ್ಬರೂ ಬದಲಾಗಿಬಿಟ್ಟರು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ. ದಿನಕ್ಕೆ ಹತ್ತು ಸಲ ಜಗಳ ಇಬ್ಬರ ನಾಲಿಗೆಯ ತುದಿಗೆ ಬರುತ್ತದೆ. ಅವನು ಬಾಯಿ ತೆರೆದು ಮುಚ್ಚುತ್ತಾನೆ, ಅವಳು ಮುಚ್ಚಿ ತೆರೆಯುತ್ತಾಳೆ. ಕುರ್ಚಿಯಲ್ಲಿ ಕೂತವರು ತೀರ್ಪು ಕೊಡುವ ಕೆಲಸ ತಪ್ಪಿ, ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಹೋದ ವಾರ ಮೆಣಸು ಶಾಲೆಯಿಂದ ಓಡಿ ಬರುತ್ತಾ ಅಂಗಡಿಯ ಮುಂದೆಯೇ ಎಡವಿ ಬಿದ್ದಳು. ಮೊಣಕಾಲು ಚೆನ್ನಾಗಿ ತರಚಿತ್ತು. ನಾನು ಬೆಂಚಿನಿಂದ ಏಳುವಷ್ಟರಲ್ಲಿ ಅವಳೇ ಎದ್ದು ಕೂತಿದ್ದಳು. ಕೂತವಳು ಮೊಣಕಾಲು ನೋಡಲಿಲ್ಲ. ತಲೆಯೆತ್ತಿ ಗಾಜಿನ ಬಾಗಿಲ ಒಳಗೆ ನೋಡಿದಳು, ಯಾರು ಕಾಣುತ್ತಾರೆ ಅಂತ. ತುಟಿ ನಡುಗುತ್ತಿತ್ತು. ಅಳಬೇಕೋ ಬೇಡವೋ ಎಂದು ಕಾಯುತ್ತಿದ್ದಳು.

ಹೊರಗೆ ಹೋಗಿ ಅವಳ ಪಕ್ಕ ಮಣ್ಣಿನಲ್ಲೇ ಕೂತೆ.

“ಯಾರೂ ನೋಡ್ತಿಲ್ಲ ಕಣೆ,” ಅಂದೆ. “ನೋವಾದ್ರೆ ಅಳು.”

ನನ್ನ ಮುಖವನ್ನೂ ಸ್ವಲ್ಪ ಹೊತ್ತು ಪರೀಕ್ಷೆ ಮಾಡಿದಳು. ಆಮೇಲೆ ಮೊಣಕಾಲು ನೋಡಿಕೊಂಡಳು. ಆಮೇಲೆ ಅತ್ತಳು, ಇಡೀ ಬೀದಿಗೆ ಕೇಳುವ ಹಾಗೆ. ಕೆಲಸ ಬಿಟ್ಟು ಇಬ್ಬರೂ ಬಾಗಿಲಿಗೆ ಬಂದರು, ಅವನ ಕೈಯಲ್ಲಿ ಬಾಚಣಿಗೆ, ಅವಳ ಕೈಯಲ್ಲಿ ಬಣ್ಣದ ಬ್ರಷ್. ಇಬ್ಬರೂ ಏನೋ ಹೇಳಲು ಹೊರಟವರು ಹಾಗೇ ನಿಂತರು. ಮಗು ಅಳು ಮುಗಿಸುವವರೆಗೂ ಯಾರೂ ಬಾಯಿ ಬಿಡಲಿಲ್ಲ.